ದೊಡ್ಡ ಗರಗಸ ಮಿಷನ್: ಕೊಳ್ಳುವ ಮುಂಚೆ ಲೆಕ್ಕ, ಕೊಂಡ ಮೇಲೆ ಆರೈಕೆ

ಮಲೆನಾಡು, ಕೊಡಗಿನ ಕಡೆ ಮರ ಅಳೆಯುವುದು ಸುತ್ತಳತೆಯಲ್ಲಿ. ಗರಗಸ ಮಿಷನ್ (ಚೈನ್‌ಸಾ) ಮಾರುವುದು ಬಾರ್‌ನ, ಅಂದರೆ ಚೈನ್ ಸುತ್ತಿ ಓಡುವ ಪಟ್ಟಿಯ, ಉದ್ದದಲ್ಲಿ. ಇವೆರಡರ ನಡುವಿನ ಲೆಕ್ಕ ಹಾಕದೆ ಅಂಗಡಿಗೆ ಹೋದವರು ಬೇಕಾದ್ದಕ್ಕಿಂತ ಎರಡು ಕಿಲೋ ಭಾರದ ಮಿಷನ್ ಹೊತ್ತು ಮನೆಗೆ ಬರುತ್ತಾರೆ. ಲೆಕ್ಕ ಸುಲಭ. ಸುತ್ತಳತೆಯನ್ನು ಇಂಚಿಗೆ ತಂದು 3.14ರಿಂದ ಭಾಗಿಸಿ. ನಾಲ್ಕು ಅಡಿ ಸುತ್ತಳತೆಯ ಸಿಲ್ವರ್ ಓಕ್ ಅಡ್ಡಳತೆಯಲ್ಲಿ 15 ಇಂಚು. ಆರು ಅಡಿಯ ಹಲಸು 23 ಇಂಚು. ಒಂಬತ್ತು ಅಡಿಯ ಹಳೆಯ ಗೋಣಿ ಮರ 34 ಇಂಚು. ಎರಡೂ ಬದಿಯಿಂದ ಕೊಯ್ಯಲು ಜಾಗವಿದ್ದರೆ, ಕೈ ಪಳಗಿದವರಿಗೆ 25 ಇಂಚಿನ ಬಾರ್ ಒಂದರಲ್ಲೇ ಈ ಮೂರೂ ಮುಗಿಯುತ್ತವೆ. ತೋಟದಲ್ಲಿ ವರ್ಷಕ್ಕೊಮ್ಮೆ ಬೀಳುವ ಒಂದು ಮಹಾಮರಕ್ಕಾಗಿ 36 ಇಂಚಿನ ಬಾರ್ ಕೊಂಡು, ಉಳಿದ ದಿನವೆಲ್ಲ ಅದನ್ನೇ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ.

ಎಷ್ಟು ಸಿಸಿ ಬೇಕು

ಇಲ್ಲಿ ದೊಡ್ಡ ಮಿಷನ್ ಎಂದರೆ 70 ಸಿಸಿ ಮತ್ತು ಅದಕ್ಕಿಂತ ಮೇಲಿನವು. ಇದರಲ್ಲಿ ಮೂರು ಮೆಟ್ಟಿಲುಗಳಿವೆ.

ಮೊದಲನೆಯದು 70 ಸಿಸಿ ಆಸುಪಾಸು. ಸ್ಟಿಲ್ ಎಂಎಸ್ 382 (72.2 ಸಿಸಿ), ಹಸ್ಕ್ವಾರ್ನಾ 372 ಎಕ್ಸ್‌ಪಿ (70.7 ಸಿಸಿ) ಈ ಸಾಲಿನವು. ಬಾರ್, ಚೈನ್ ಇಲ್ಲದೆ ಆರು ಕಿಲೋ ಚಿಲ್ಲರೆ ತೂಕ. 25 ಇಂಚಿನ ಬಾರ್ ಹಾಕಿ ಪೆಟ್ರೋಲು, ಎಣ್ಣೆ ತುಂಬಿದರೆ ಒಂಬತ್ತು ಕಿಲೋ ಹತ್ತಿರಕ್ಕೆ ಬರುತ್ತದೆ. 20 ಇಂಚಿನ ಬಾರ್ ಇದಕ್ಕೆ ಹಗುರ ಕೆಲಸ, 25 ಸರಿಯಾದ ಕೆಲಸ, 30 ಬಲವಂತ. ಎರಡನೆಯದು 90 ಸಿಸಿ ಸಾಲು: ಎಂಎಸ್ 661, ಹಸ್ಕ್ವಾರ್ನಾ 395 ಎಕ್ಸ್‌ಪಿ. ಬರಿ ಮಿಷನ್ನೇ ಏಳರಿಂದ ಎಂಟು ಕಿಲೋ, 30–36 ಇಂಚಿನ ಬಾರ್ ಎಳೆಯುವ ತಾಕತ್ತು. ಮೂರನೆಯದು 120 ಸಿಸಿಯ ಎಂಎಸ್ 881ರಂಥದ್ದು. ಅದರ ತೂಕವೇ ಹತ್ತು ಕಿಲೋ. ಬಿದ್ದ ದಿಮ್ಮಿಯ ಮೇಲೆ ಚೌಕಟ್ಟು ಕಟ್ಟಿ ಹಲಗೆ ಸೀಳುವವರಿಗಲ್ಲದೆ ಬೇರೆಯವರಿಗೆ ಅದರ ಅಗತ್ಯವಿಲ್ಲ.

ಹಲಗೆ ಸೀಳುವ ಕೆಲಸವೇ ಬೇರೆ. ಅಡ್ಡ ಕೊಯ್ಯುವಾಗ ಮಿಷನ್ ಅರ್ಧ ನಿಮಿಷ ದುಡಿದು ಉಸಿರು ಬಿಡುತ್ತದೆ. ಉದ್ದಕ್ಕೆ ಸೀಳುವಾಗ ಹತ್ತು ನಿಮಿಷ ಪೂರ್ತಿ ಎಕ್ಸಲರೇಟರ್‌ನಲ್ಲಿ ಓಡುತ್ತಲೇ ಇರಬೇಕು. 70 ಸಿಸಿ ಮಿಷನ್ನನ್ನು ಇದಕ್ಕೆ ಹಚ್ಚಿದರೆ ಕೊಯ್ಯುತ್ತದೇನೋ ಹೌದು, ಪಿಸ್ಟನ್ ಉಳಿಯುವುದು ಅನುಮಾನ. ಸೀಳುವ ಉದ್ದೇಶವಿದ್ದರೆ 90 ಸಿಸಿಗಿಂತ ಕೆಳಗೆ ಯೋಚಿಸಬೇಡಿ.

ವರ್ಷಕ್ಕೆ ಇಪ್ಪತ್ತು ಮೂವತ್ತು ಮರ ಕೊಯ್ಯುವ ತೋಟಕ್ಕೆ ನಮ್ಮ ಶಿಫಾರಸು ಒಂದೇ: 70 ಸಿಸಿಯ ಒಂದು ಮಿಷನ್, ಅದಕ್ಕೆ 20 ಮತ್ತು 25 ಇಂಚಿನ ಎರಡು ಬಾರ್; ರೆಂಬೆ ಸವರಲು ಪಕ್ಕಕ್ಕೆ 45–50 ಸಿಸಿಯ ಸಣ್ಣದೊಂದು. ದೊಡ್ಡ ಮಿಷನ್ನನ್ನು ಮರಗಸಿಗೆಂದು (ನೆರಳಿನ ಮರದ ರೆಂಬೆ ಸವರಲು) ಮರದ ಮೇಲೆ ಹತ್ತಿಸುವ ಮಾತೇ ಬೇಡ.

ಅಗ್ಗದ 58 ಸಿಸಿ ಮಿಷನ್‌ಗಳ ಬಗ್ಗೆ ಒಂದು ಮಾತು. ಅವುಗಳ ಮೇಲೆ 22 ಇಂಚಿನ ಬಾರ್ ಕೂರಿಸಿ "ದೊಡ್ಡದು" ಎಂದು ಮಾರುವುದುಂಟು. ಬಾರ್ ಉದ್ದವಾದ ಮಾತ್ರಕ್ಕೆ ಮಿಷನ್ ದೊಡ್ಡದಾಗುವುದಿಲ್ಲ. ಒಣ ಮತ್ತಿ, ಹುಣಸೆಯಂಥ ಗಟ್ಟಿ ಮರಕ್ಕೆ ಬಾರ್ ಪೂರ್ತಿ ಇಳಿಸಿದಾಗ ಚೈನ್ ನಿಂತು ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಕಂಪನಿ ಯಾವುದೇ ಇರಲಿ, ಅಂಗಡಿಯಲ್ಲಿ ಕೇಳಬೇಕಾದದ್ದು ಬೆಲೆಗಿಂತ ಮೊದಲು ಇದು: ಕ್ಲಚ್ ಡ್ರಮ್, ಆಯಿಲ್ ಪಂಪ್, ಕಾರ್ಬ್ಯುರೇಟರ್‌ನ ಡಯಾಫ್ರಮ್ ಕಿಟ್, ಸ್ಟಾರ್ಟರ್ ಸ್ಪ್ರಿಂಗ್ ಈಗ ನಿಮ್ಮ ಕಪಾಟಿನಲ್ಲಿ ಇದೆಯಾ? "ತರಿಸಿಕೊಡ್ತೀವಿ" ಎಂಬ ಉತ್ತರ ಬಂದರೆ, ಸೀಸನ್ ನಡುವೆ ಎರಡು ವಾರ ಕೆಲಸ ನಿಲ್ಲುತ್ತದೆ ಎಂದು ಅರ್ಥ ಮಾಡಿಕೊಳ್ಳಿ.

ದೊಡ್ಡ ಮಿಷನ್‌ನಲ್ಲಿ ಡಿಕಂಪ್ರೆಷನ್ ಬಟನ್ ಇದೆಯೇ ನೋಡಿ. ಸಿಲಿಂಡರ್ ಮೇಲಿನ ಆ ಪುಟ್ಟ ಗುಂಡಿ ಒತ್ತಿದರೆ ಒಳಗಿನ ಒತ್ತಡ ಸ್ವಲ್ಪ ಹೊರಹೋಗಿ ಹಗ್ಗ ಸಲೀಸಾಗಿ ಬರುತ್ತದೆ. ಇಲ್ಲದಿದ್ದರೆ 90 ಸಿಸಿ ಮಿಷನ್ನಿನ ಹಗ್ಗ ಮಣಿಕಟ್ಟನ್ನೇ ಎಳೆದುಕೊಳ್ಳುತ್ತದೆ.

ಹಳೆಯ ಮಿಷನ್ ಕೊಳ್ಳುವುದಾದರೆ

ಮೊದಲು ಹಗ್ಗ ಹಿಡಿದು ಮಿಷನ್ನನ್ನು ನೇತಾಡಿಸಿ, ಡಿಕಂಪ್ರೆಷನ್ ಒತ್ತದೆ. ತನ್ನ ಭಾರಕ್ಕೆ ತಡೆ ತಡೆದು, ಮೆಟ್ಟಿಲಿಳಿದಂತೆ ಕೆಳಗಿಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಪಿಸ್ಟನ್ ರಿಂಗ್ ಹೋಗಿದೆ. ಗೇಜ್ ಸಿಕ್ಕರೆ ಅಳೆಯಿರಿ. 150 ಪಿಎಸ್‌ಐ ಮೇಲಿದ್ದರೆ ನೆಮ್ಮದಿ.

ಆಮೇಲೆ ಸೈಲೆನ್ಸರ್‌ನ ಬೋಲ್ಟುಗಳನ್ನು ಬಿಚ್ಚಿ ಪಿಸ್ಟನ್ ನೋಡಿ. ಐದು ನಿಮಿಷದ ಕೆಲಸ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೆ ವ್ಯಾಪಾರ ಬಿಡಿ. ಪಿಸ್ಟನ್‌ನ ಬದಿ ನಯವಾಗಿ, ತಯಾರಿಕೆಯ ಸಣ್ಣ ಅಡ್ಡಗೆರೆಗಳು ಕಾಣುವಂತಿರಬೇಕು. ಸೈಲೆನ್ಸರ್ ಕಡೆ ಮೇಲಿಂದ ಕೆಳಗೆ ಉಗುರಿಗೆ ಸಿಗುವಂಥ ಗೀರುಗಳಿದ್ದರೆ ಮಿಷನ್ ಎಣ್ಣೆ ಸಾಲದೆಯೋ ಪೆಟ್ರೋಲು ಸಾಲದೆಯೋ ಕಾದು ಹಿಡಿದುಕೊಂಡಿದೆ. ಕಾರ್ಬ್ಯುರೇಟರ್ ಕಡೆ ಗೀರಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಹೋಗಿದೆ. ಬಣ್ಣ ಹೊಡೆದು ಹೊಸ ಸ್ಟಿಕ್ಕರ್ ಅಂಟಿಸಿದ ಮಿಷನ್ ಸಹ ಈ ಕಿಂಡಿಯಲ್ಲಿ ಸುಳ್ಳು ಹೇಳಲಾರದು.

ಬಾರ್ ಮತ್ತು ಚೈನ್ ಹೊಂದಿಸುವುದು

ಅಂಗಡಿಯವರು ರೋಲ್‌ನಿಂದ ಚೈನ್ ಕತ್ತರಿಸಿ ರಿವೆಟ್ ಹಾಕಿ ಕೊಡುತ್ತಾರೆ. ಅವರಿಗೆ "25 ಇಂಚಿನ ಬಾರ್‌ಗೆ" ಎಂದಷ್ಟೇ ಹೇಳಿದರೆ ಸಾಲದು. ಮೂರು ಸಂಖ್ಯೆ ಬೇಕು.

ಪಿಚ್: ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ನಡುವಿನ ದೂರ ಅಳೆದು ಅರ್ಧ ಮಾಡಿದರೆ ಸಿಗುವುದು. 70–90 ಸಿಸಿ ಮಿಷನ್‌ಗಳಲ್ಲಿ ಬಹುತೇಕ 3/8 ಇಂಚು, 120 ಸಿಸಿಯಲ್ಲಿ .404 ಇಂಚು. ಗೇಜ್: ಬಾರ್‌ನ ಗಾಡಿಯಲ್ಲಿ (ಅಂಚಿನ ಉದ್ದಕ್ಕೂ ಇರುವ ಸೀಳು) ಓಡುವ ಡ್ರೈವ್ ಲಿಂಕ್‌ನ, ಅಂದರೆ ಚೈನಿನ ಒಳಬದಿಯ ಕೊಂಡಿಯ, ದಪ್ಪ. ಸ್ಟಿಲ್‌ನ ದೊಡ್ಡ ಬಾರ್‌ಗಳು ಸಾಮಾನ್ಯವಾಗಿ 1.6 ಮಿಲಿಮೀಟರ್, ಹಸ್ಕ್ವಾರ್ನಾದ್ದು 1.5. ಹತ್ತನೇ ಒಂದು ಮಿಲಿಮೀಟರ್ ತಾನೇ ಎಂದು 1.6ರ ಬಾರ್‌ಗೆ 1.5ರ ಚೈನ್ ಹಾಕುವವರಿದ್ದಾರೆ. ಚೈನ್ ವಾಲಿ ಓಡಿ ಕೊಯ್ತ ಓರೆಯಾಗುತ್ತದೆ, ಗಾಡಿ ಬೇಗ ಸವೆಯುತ್ತದೆ. ಮೂರನೆಯದು ಡ್ರೈವ್ ಲಿಂಕ್‌ಗಳ ಎಣಿಕೆ: ಸ್ಟಿಲ್‌ನ 3/8 ಇಂಚಿನ ಚೈನ್‌ಗೆ 20 ಇಂಚಿನ ಬಾರ್‌ನಲ್ಲಿ 72, 25 ಇಂಚಿನದರಲ್ಲಿ 84. ಮೂರೂ ಸಂಖ್ಯೆ ಬಾರ್‌ನ ಬಾಲದ ಕಡೆ ಅಚ್ಚು ಹಾಕಿರುತ್ತವೆ. ಹೊಸತಿದ್ದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಆಮೇಲೆ ಅಳಿಸಿಹೋಗುತ್ತದೆ.

ಹಲ್ಲಿನ ಆಕಾರದಲ್ಲಿ ಎರಡು ಬಗೆ. ಚೌಕ ಮೂಲೆಯ ಫುಲ್ ಚಿಸೆಲ್ ಹಸಿ, ಶುದ್ಧ ಮರದಲ್ಲಿ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಓಡುತ್ತದೆ. ಆದರೆ ಆ ಮೂಲೆ ಒಂದು ಚಿಟಿಕೆ ಮಣ್ಣಿಗೇ ಸಾಯುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ಸ್ವಲ್ಪ ನಿಧಾನ, ಹರಿತ ಮಾತ್ರ ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ಮರಗಳ ಮೈಮೇಲೆ ಗೆದ್ದಲಿನ ಮಣ್ಣು, ಎಳೆದು ತಂದ ದಿಮ್ಮಿಗೆ ಕೆಸರು, ತೇಗದೊಳಗೇ ಮರಳಿನ ಅಂಶವಾದ ಸಿಲಿಕಾ. ಇಂಥ ಕಡೆಗೆ ಸೆಮಿ ಚಿಸೆಲ್ಲೇ ಸರಿ. ಬೇಲಿ ಸಾಲಿನ ಮರ ಕೊಯ್ಯುವಾಗಂತೂ ಒಳ್ಳೆಯ ಚೈನ್ ತೆಗೆದು ಹಳೆಯದನ್ನು ಹಾಕಿಕೊಳ್ಳಿ. ಮುವ್ವತ್ತು ವರ್ಷದ ಹಿಂದೆ ಹೊಡೆದ ಮುಳ್ಳುತಂತಿಯನ್ನು ಮರ ನುಂಗಿ ಕೂತಿರುತ್ತದೆ. ತೊಗಟೆಯ ಮೇಲೆ ಅಡ್ಡ ಉಬ್ಬು, ಕಪ್ಪು ನೀಲಿ ಕಲೆ ಕಂಡರೆ ಅದರ ಒಂದಡಿ ಮೇಲೆ ಕೊಯ್ಯಿರಿ.

ಚೈನ್ ಹಾಕುವಾಗ ಬಾರ್‌ನ ಮೇಲ್ಬದಿಯ ಹಲ್ಲುಗಳ ಹರಿತ ಅಂಚು ಮೂತಿಯ ಕಡೆ ನೋಡಬೇಕು. ಎರಡು ನಟ್‌ಗಳನ್ನು ಕೈಯಲ್ಲಿ ಮಾತ್ರ ಬಿಗಿದು, ಬಾರ್‌ನ ಮೂತಿ ಮೇಲೆತ್ತಿ ಹಿಡಿದು ಟೆನ್ಷನ್ ಸ್ಕ್ರೂ ತಿರುಗಿಸಿ. ಚೈನ್ ಕೆಳಬದಿಗೆ ತಾಗಿ ನಿಲ್ಲಬೇಕು, ಬ್ರೇಕ್ ಬಿಟ್ಟು ಕೈಯಲ್ಲಿ ಎಳೆದರೆ ಓಡಬೇಕು. ಮೂತಿ ಎತ್ತಿ ಹಿಡಿದೇ ನಟ್ ಬಿಗಿಯಿರಿ. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಹಿಗ್ಗುತ್ತದೆ. ಎರಡು ಮೂರು ನಿಮಿಷ ಕೊಯ್ಯದೆ ಓಡಿಸಿ, ಮತ್ತೆ ನೋಡಿ. ಬಿಸಿ ಚೈನ್ ಬಿಗಿದಿದ್ದನ್ನು ಕೆಲಸ ಮುಗಿದ ಕೂಡಲೇ ಸಡಿಲಿಸಬೇಕು. ಇಲ್ಲದಿದ್ದರೆ ಆರುವಾಗ ಕುಗ್ಗಿ ಕ್ರ್ಯಾಂಕ್‌ಶಾಫ್ಟನ್ನೂ ಬೇರಿಂಗನ್ನೂ ರಾತ್ರಿಯಿಡೀ ಎಳೆದು ಹಿಡಿಯುತ್ತದೆ.

ಪೆಟ್ರೋಲು: ಮಿಷನ್ ಸಾಯುವುದು ಇಲ್ಲೇ

ಪೆಟ್ರೋಲಿಗೆ ಬೆರೆಸಿದ ಟೂ-ಟಿ (ಟೂ-ಸ್ಟ್ರೋಕ್) ಎಣ್ಣೆ ಬಿಟ್ಟರೆ ಈ ಎಂಜಿನ್‌ಗೆ ಬೇರೆ ಎಣ್ಣೆಯಿಲ್ಲ. ಕಂಪನಿಯ ಎಣ್ಣೆ ಅಥವಾ ಡಬ್ಬಿ ಮೇಲೆ ಜಪಾನಿನ ಜೆಎಎಸ್‌ಒ ಎಫ್‌ಡಿ (JASO FD) ದರ್ಜೆ ಬರೆದದ್ದಾದರೆ 50ಕ್ಕೆ 1: ಐದು ಲೀಟರಿಗೆ 100 ಮಿಲಿಲೀಟರ್. ದರ್ಜೆ ತಿಳಿಯದ ಎಣ್ಣೆಯಾದರೆ 25ಕ್ಕೆ 1, ಐದು ಲೀಟರಿಗೆ 200. ಮುಚ್ಚಳದಲ್ಲಿ ಅಂದಾಜು ಸುರಿಯಬೇಡಿ. ಔಷಧಿ ಅಂಗಡಿಯ 50 ಮಿಲಿಲೀಟರ್ ಸಿರಿಂಜ್ ಸಾಕು. ಮೊದಲು ಕ್ಯಾನಿಗೆ ಎಣ್ಣೆ, ಅದರ ಮೇಲೆ ಸ್ವಲ್ಪ ಪೆಟ್ರೋಲು, ಕುಲುಕಿ ಉಳಿದದ್ದು. ಪ್ರತಿ ಸಲ ಟ್ಯಾಂಕಿಗೆ ಸುರಿಯುವ ಮುಂಚೆ ಮತ್ತೆ ಕುಲುಕಬೇಕು.

"ಎಣ್ಣೆ ಒಂದು ಮುಷ್ಟಿ ಜಾಸ್ತಿ ಇರಲಿ, ಮಿಷನ್‌ಗೆ ತಂಪು" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲು ಹಾಯುವ ಜೆಟ್‌ನ ರಂಧ್ರ ಒಂದೇ ಅಳತೆ. ಎಣ್ಣೆ ಹೆಚ್ಚಾದಷ್ಟೂ ಅದರ ಮೂಲಕ ಹೋಗುವ ಪೆಟ್ರೋಲು ಕಡಿಮೆ. ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರ್ ಬಾಯಿ ಕಟ್ಟುತ್ತದೆ, ತಂಪಂತೂ ಆಗುವುದಿಲ್ಲ.

ಈಗಿನ ದೊಡ್ಡ ತಲೆನೋವು ಎಥನಾಲ್. ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಹಲವು ಮಿಷನ್‌ಗಳ ಕೈಪಿಡಿ ಹೇಳುವ ಮಿತಿ ಶೇಕಡಾ 10. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲದು), ಎಂಜಿನ್ ಹೆಚ್ಚು ಕಾಯುತ್ತದೆ. ರಬ್ಬರ್ ನಳಿಕೆ ಊದಿಕೊಳ್ಳುತ್ತದೆ, ಕಾರ್ಬ್ಯುರೇಟರ್ ಒಳಗಿನ ತೆಳು ಪೊರೆಯಾದ ಡಯಾಫ್ರಮ್ ಕ್ರಮೇಣ ಬಿರುಸಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನೀರು. ಜೂನ್ ಜುಲೈನ ಹಸಿಗಾಳಿಯಲ್ಲಿ ಅರ್ಧ ತುಂಬಿದ ಕ್ಯಾನ್ ಇಟ್ಟರೆ ಎಥನಾಲ್ ತೇವ ಹೀರುತ್ತದೆ. ಕ್ಯಾನಿಗೆ ಮಳೆನೀರು ಸೇರಿದರೆ ಕೇಳುವುದೇ ಬೇಡ. ನೀರು ಮಿತಿ ಮೀರಿದಾಗ ಎಥನಾಲ್ ಅದರ ಜತೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟೂ-ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಹೀರುವುದು ತಳದಿಂದ. ಮಿಷನ್‌ಗೆ ಸಿಕ್ಕಿದ್ದು ಎಣ್ಣೆಯಿಲ್ಲದ ನೀರು!

ನಿಮ್ಮ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. 100 ಮಿಲಿಲೀಟರ್ ಗೆರೆಯಿರುವ ಅಳತೆ ಜಾಡಿಗೆ 10 ಮಿಲಿಲೀಟರ್ ನೀರು, 90 ಮಿಲಿಲೀಟರ್ ಪೆಟ್ರೋಲು ಹಾಕಿ, ಬೆಂಕಿಯಿಂದ ದೂರ ಕೂತು ಕುಲುಕಿ ಹತ್ತು ನಿಮಿಷ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ ಶೇಕಡಾ 10. 28ರ ಹತ್ತಿರವಾದರೆ ಶೇಕಡಾ 20. ಆ ಪೆಟ್ರೋಲನ್ನು ಮತ್ತೆ ಮಿಷನ್‌ಗೆ ಹಾಕಬಾರದು.

ಬೇರೆ ಪೆಟ್ರೋಲು ಸಿಗದಿದ್ದರೆ ಮಾಡಬೇಕಾದ್ದು: ಒಂದು ವಾರಕ್ಕೆ ಬೇಕಾದಷ್ಟನ್ನೇ ಬೆರೆಸುವುದು, ಕ್ಯಾನ್ ಪೂರ್ತಿ ತುಂಬಿ ಬಿಗಿಯಾಗಿ ಮುಚ್ಚುವುದು, ಕೆಲಸವಿಲ್ಲದ ದಿನ ಟ್ಯಾಂಕ್ ಖಾಲಿ ಇಡುವುದು, ಕಾರ್ಬ್ಯುರೇಟರ್‌ನ ಎಚ್ ಸ್ಕ್ರೂವನ್ನು ಒಂದಿಷ್ಟು ತೆರೆದು ಹೊಂದಿಸುವುದು. ಆ ಸ್ಕ್ರೂ ವಿಷಯ ಮುಂದೆ ಬರುತ್ತದೆ.

ಅರ ಹಿಡಿಯುವುದು

ಮೊಂಡು ಚೈನ್ ಹಾಕಿದ 90 ಸಿಸಿಗಿಂತ ಹರಿತ ಚೈನ್ ಹಾಕಿದ 60 ಸಿಸಿ ಬೇಗ ಕೊಯ್ಯುತ್ತದೆ. ಗುರುತು ನೆಲದ ಮೇಲೇ ಇದೆ. ಹರಿತವಿದ್ದರೆ ಬೀಳುವುದು ಚಕ್ಕೆ; ಮೊಂಡಾದರೆ ಹಿಟ್ಟು. ಮಿಷನ್ನನ್ನು ಒತ್ತಿ ಕೊಯ್ಯಬೇಕು ಎನಿಸಿದ ಕ್ಷಣವೇ ನಿಲ್ಲಿಸಿ. ಒತ್ತಿದರೆ ಬಾರ್ ಕಾಯುತ್ತದೆ, ಕ್ಲಚ್ ಜಾರುತ್ತದೆ, ನಿಮ್ಮ ಬೆನ್ನೂ ಹೋಗುತ್ತದೆ.

ಸ್ಟಿಲ್‌ನ 3/8 ಇಂಚಿನ ಚೈನ್‌ಗೆ 5.2 ಮಿಲಿಮೀಟರ್‌ನ ದುಂಡು ಅರ, .404ಕ್ಕೆ 5.5. ಬೇರೆ ಕಂಪನಿಯ 3/8ಕ್ಕೆ 5.5 ಹೇಳಿರುವುದೂ ಉಂಟು, ಚೈನಿನ ಪೆಟ್ಟಿಗೆ ಮೇಲೆ ಬರೆದದ್ದನ್ನು ನಂಬಿ. ಅರ ಸಣ್ಣದಾದರೆ ಹಲ್ಲಿಗೆ ಕೊಕ್ಕೆ ಬಂದು ಅಂಚು ಬೇಗ ಮುರಿಯುತ್ತದೆ. ದಪ್ಪವಾದರೆ ಅಂಚು ಹಿಂದಕ್ಕೆ ವಾಲಿ ಮರವನ್ನು ಉಜ್ಜುತ್ತದೆಯೇ ಹೊರತು ಕೊಯ್ಯುವುದಿಲ್ಲ. ಅರವನ್ನು ಹಿಡಿಯುವ ಗೈಡ್ ಕೊಂಡುಕೊಳ್ಳಿ. ಅದರ ಮೇಲೆ 30 ಡಿಗ್ರಿಯ ಗೆರೆ ಇರುತ್ತದೆ, ಅದು ಬಾರ್‌ಗೆ ಸಮಾನಾಂತರವಾಗಿದ್ದರೆ ಕೋನ ಸರಿ.

ಬಾರನ್ನು ಬೀಳಿಸಿದ ಮರದ ಬುಡದಲ್ಲೇ ಕೊಯ್ತ ಹಾಕಿ ಸಿಕ್ಕಿಸಿ ನಿಲ್ಲಿಸಬಹುದು. ಚೈನ್ ಸ್ವಲ್ಪ ಬಿಗಿ ಮಾಡಿ, ಬ್ರೇಕ್ ಹಾಕಿ. ಅತಿ ಹೆಚ್ಚು ಸವೆದ ಹಲ್ಲನ್ನು ಹುಡುಕಿ ಸ್ಕೆಚ್ ಪೆನ್ನಿನಿಂದ ಗುರುತು ಮಾಡಿ. ಉಳಿದವನ್ನೆಲ್ಲ ಅದರ ಉದ್ದಕ್ಕೆ ತರಬೇಕು. ಅರ ನಡೆಯಬೇಕಾದ್ದು ಹಲ್ಲಿನ ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ. ಹಿಂದಕ್ಕೆ ತರುವಾಗ ಎತ್ತಿ. ಉಜ್ಜಿಕೊಂಡು ಹಿಂದೆ ತಂದರೆ ಹಾಳಾಗುವುದು ಅರವೇ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲೆ ಕಾಣುತ್ತಿರಲಿ. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿ, ಆಮೇಲೆ ಇನ್ನೊಂದು ಬದಿ. ಪ್ರತಿ ಹಲ್ಲಿಗೂ ಅಷ್ಟೇ ಸಲ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಕಷ್ಟ. ಅದರಿಂದಲೇ ಒಂದು ಬದಿಯ ಹಲ್ಲು ಗಿಡ್ಡವಾಗುವುದು. ಬಾರ್ ಉದ್ದವಾದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ: 20 ಇಂಚಿನಲ್ಲಿ ಗೊತ್ತೇ ಆಗದ ಓರೆ 36 ಇಂಚಿನ ಬಾರ್ ಅನ್ನು ಮರದೊಳಗೆ ಬಾಗಿಸಿ ಸಿಕ್ಕಿಹಾಕಿಸುತ್ತದೆ. ಕೊಯ್ತ ಯಾವ ಕಡೆಗೆ ಬಾಗುತ್ತದೋ ಆ ಕಡೆಯ ಹಲ್ಲು ಉದ್ದ ಅಥವಾ ಹೆಚ್ಚು ಹರಿತ ಎಂದು ತಿಳಿಯಿರಿ.

ಅರ ಹಾಕಿದ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ ಮಿಂಚಿದರೆ ಇನ್ನೂ ಮೊಂಡು. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ.

ಪ್ರತಿ ಹಲ್ಲಿನ ಮುಂದೆ ಡೆಪ್ತ್ ಗೇಜ್ ಎಂಬ ಪುಟ್ಟ ಗೂಟವಿದೆ. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದೇ. 3/8ಕ್ಕೆ ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗಿರಬೇಕು, .404ಕ್ಕೆ 0.8. ಹಲ್ಲು ಅರದಿಂದ ಸವೆದು ಗಿಡ್ಡವಾದಂತೆ ಗೂಟ ಎತ್ತರ ಎನಿಸುತ್ತದೆ. ಆಗ ಹಲ್ಲು ಎಷ್ಟೇ ಹರಿತವಿದ್ದರೂ ಹಿಟ್ಟೇ ಬರುತ್ತದೆ. ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ಅಳತೆ ತಗಡಿಟ್ಟು ಚಪ್ಪಟೆ ಅರದಿಂದ ಮಟ್ಟ ಮಾಡಿ, ಗೂಟದ ಮುಂದಿನ ಮೂಲೆಯನ್ನು ದುಂಡಗೆ ಮಾಡಿ. ಬೇಗ ಕೊಯ್ಯಲೆಂದು ಕಣ್ಣಂದಾಜಿನಲ್ಲಿ ಗೂಟ ಇಳಿಸುವುದು ಮಾತ್ರ ಬೇಡ. ಹಲ್ಲು ಮರಕ್ಕೆ ಆಳವಾಗಿ ಕಚ್ಚಿ ಮಿಷನ್ ಜಿಗಿಯುತ್ತದೆ. ಬಾರ್‌ನ ಮೂತಿಯ ಮೇಲಿನ ಕಾಲುಭಾಗ ತಾಗಿದರೆ ಕಿಕ್‌ಬ್ಯಾಕ್, ಅಂದರೆ ಬಾರ್ ಹಿಂದಕ್ಕೆ ಚಿಮ್ಮುವುದು, ನೇರ ಮುಖಕ್ಕೇ.

ಹೀಗೆ ಪೂರ್ತಿ ಅರ ಹಾಕುವ ಕೆಲಸ ಅಪರೂಪಕ್ಕೆ ಸಾಕು, ಪ್ರತಿ ಟ್ಯಾಂಕ್ ಪೆಟ್ರೋಲು ತುಂಬುವಾಗ ಹಲ್ಲಿಗೆ ಎರಡು ಸಲ ಅರ ಎಳೆದಿದ್ದರೆ. ಪೇಟೆಯಲ್ಲಿ ಕಲ್ಲಿನ ಗ್ರೈಂಡರ್‌ಗೆ ಕೊಟ್ಟರೆ ಹಲ್ಲಿನ ತುದಿ ನೀಲಿಯಾಗಿ ಬಂದಿದೆಯೇ ನೋಡಿ. ನೀಲಿಯಾದ ಉಕ್ಕು ಸುಟ್ಟ ಉಕ್ಕು. ಅದರ ಮೇಲೆ ಅರ ಜಾರುತ್ತದೆ. ಹಲ್ಲಿನ ಮೇಲಂಚು 4 ಮಿಲಿಮೀಟರ್‌ಗೆ ಬಂದಾಗ ಚೈನ್ ಆಯಸ್ಸು ಮುಗಿದಂತೆ.

ಬಾರ್, ಸ್ಪ್ರಾಕೆಟ್, ಚೈನ್ ಎಣ್ಣೆ

ಬಾರ್ ಅನ್ನು ಪ್ರತಿ ಸಲ ಅರ ಹಾಕಿದಾಗ ತಲೆಕೆಳಗೆ ಮಾಡಿ ಹಾಕಿ, ಎರಡೂ ಅಂಚು ಸಮ ಸವೆಯಲಿ. ಗಾಡಿಯಲ್ಲಿ ಕೂತ ಎಣ್ಣೆಪುಡಿಯನ್ನು ತೆಳು ತಗಡಿನಿಂದ ಕೆರೆದು, ಎಣ್ಣೆ ಬರುವ ಪುಟ್ಟ ರಂಧ್ರವನ್ನು ತಂತಿಯಲ್ಲಿ ಚುಚ್ಚಿ. ಅಂಚಿನಲ್ಲಿ ಹೊರಕ್ಕೆ ಮಡಚಿದ ಕಬ್ಬಿಣದ ಗರಿಯನ್ನು ಚಪ್ಪಟೆ ಅರದಿಂದ ತೆಗೆಯಿರಿ. 3/8ಕ್ಕೆ ಗಾಡಿಯ ಆಳ 6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಡ್ರೈವ್ ಲಿಂಕ್ ತಳಕ್ಕೆ ತಾಗುತ್ತದೆ, ಬಾರ್ ಬದಲಿಸಬೇಕು. ಎರಡು ಚೈನ್ ಸವೆಯುವ ಹೊತ್ತಿಗೆ ಚೈನ್ ತಿರುಗಿಸುವ ಚಕ್ರವಾದ ಸ್ಪ್ರಾಕೆಟ್‌ನ ಮೇಲೂ ಗುಂಡಿ ಬಿದ್ದಿರುತ್ತದೆ. ಅದು ಅರ್ಧ ಮಿಲಿಮೀಟರ್ ದಾಟಿದರೆ ಹೊಸತು ಹಾಕಿ. ಹಳೆ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕುವುದು ಆ ಚೈನನ್ನು ಬೇಗ ಹಿಗ್ಗಿಸುವ ದಾರಿ. ಕ್ಲಚ್ ಬಿಚ್ಚಬೇಕಾಗಿ ಬಂದರೆ ನೆನಪಿಡಿ, ಅದರ ತಿರುಪಿನ ಮರೆ ಉಲ್ಟಾ: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.

ಎಣ್ಣೆಯ ವಿಷಯದಲ್ಲಿ ಜಿಪುಣತನ ಎಲ್ಲೆಲ್ಲೂ ಇದೆ. ವರ್ಕ್‌ಶಾಪಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಹಾಕುವುದು. ಅದರಲ್ಲಿ ಅಂಟಿಲ್ಲ, ಮೂತಿ ತಿರುಗುವಾಗಲೇ ಹಾರಿಹೋಗುತ್ತದೆ. ಲೋಹದ ಪುಡಿ ಇದೆ. ಪಂಪನ್ನೂ ಗಾಡಿಯನ್ನೂ ಸವೆಸುತ್ತದೆ. ದಿನಾ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳೂ ಇವೆ. ಚೈನ್ ಆಯಿಲ್ ಸಿಗದ ದಿನಕ್ಕೆ ಹೊಸ 40 ಗ್ರೇಡ್ ಎಂಜಿನ್ ಆಯಿಲ್ ಅಡ್ಡಿಯಿಲ್ಲ. ಅಡುಗೆ ಎಣ್ಣೆ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ತಿಂಗಳು ಬಿಟ್ಟರೆ ಅಂಟಾಗಿ ಗಟ್ಟಿಯಾಗುತ್ತದೆ.

ಪೆಟ್ರೋಲು ತುಂಬಿದಾಗಲೆಲ್ಲ ಎಣ್ಣೆಯೂ ತುಂಬಿ. ಪೆಟ್ರೋಲು ಮುಗಿದಾಗ ಎಣ್ಣೆ ಟ್ಯಾಂಕ್ ಅರ್ಧಕ್ಕಿಂತ ಹೆಚ್ಚಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಪರೀಕ್ಷೆ: ಮೂತಿಯನ್ನು ತೆಳುಬಣ್ಣದ ಮರದ ಕೊರಡಿನ ಮೇಲೆ ಒಂದು ಗೇಣು ಎತ್ತರಕ್ಕೆ ಹಿಡಿದು ಎಕ್ಸಲರೇಟರ್ ಕೊಡಿ, ಎಣ್ಣೆಯ ಗೆರೆ ಮೂಡಬೇಕು. ಉದ್ದ ಬಾರ್ ಹಾಕಿದಾಗ ಮಿಷನ್ ತಳದ ಸ್ಕ್ರೂನಲ್ಲಿ ಹರಿವನ್ನು ಪೂರ್ತಿ ತೆರೆಯಿರಿ. ಹಲಸು, ಅತ್ತಿಯಂಥ ಹಾಲು ಸುರಿಸುವ ಮರ ಕೊಯ್ದ ದಿನ ಚೈನನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ ಎಣ್ಣೆ ಸವರಿಡಿ.

ಗಾಳಿ, ಬಿಸಿ, ಸ್ಕ್ರೂಗಳು

ಏರ್ ಫಿಲ್ಟರ್ ದಿನಾ ಬಿಚ್ಚಿ ನೋಡಬೇಕಾದ್ದು. ಮೊದಲು ಚೋಕ್ ಹಾಕಿ, ಇಲ್ಲದಿದ್ದರೆ ಬಿಚ್ಚುವಾಗ ಪುಡಿ ಕಾರ್ಬ್ಯುರೇಟರ್ ಒಳಗೆ ಬೀಳುತ್ತದೆ. ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಜಿಡ್ಡಾಗಿದ್ದರೆ ಸೋಪಿನ ಬೆಚ್ಚನೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಿಸಿಲಿಗೆ ಹಿಡಿದಾಗ ಕಿಂಡಿ ಕಂಡರೆ ಎಸೆಯಿರಿ. ಸ್ಟಾರ್ಟರ್ ಕವರ್ ಬಿಚ್ಚಿ ಫ್ಲೈವೀಲ್ ಸುತ್ತ, ಸಿಲಿಂಡರ್ ರೆಕ್ಕೆಗಳ ನಡುವೆ ಕೂತ ಹೊಟ್ಟನ್ನು ವಾರಕ್ಕೊಮ್ಮೆ ಮರದ ಕಡ್ಡಿಯಿಂದ ಕೆರೆಯಿರಿ. ಎಣ್ಣೆ ಸೇರಿದ ಹೊಟ್ಟು ಸಿಲಿಂಡರ್‌ಗೆ ಕಂಬಳಿ ಹೊದಿಸಿದಂತೆ.

ಪ್ಲಗ್‌ನ ಅಂತರ 0.5 ಮಿಲಿಮೀಟರ್. ತಿಳಿಕಂದು ಬಣ್ಣ ಸರಿ, ಬಿಳಿ ಎಂದರೆ ಮಿಶ್ರಣ ತೆಳು, ಕಪ್ಪು ಒದ್ದೆ ಎಂದರೆ ದಪ್ಪ ಅಥವಾ ಎಣ್ಣೆ ಹೆಚ್ಚು. ಟ್ಯಾಂಕಿನೊಳಗಿನ ಪೆಟ್ರೋಲು ಫಿಲ್ಟರ್ ವರ್ಷಕ್ಕೊಮ್ಮೆ ಬದಲಿಸಿ.

ಕಾರ್ಬ್ಯುರೇಟರ್ ಸ್ಕ್ರೂಗಳನ್ನು ಮುಟ್ಟುವ ಮುಂಚೆ ಫಿಲ್ಟರ್ ಶುದ್ಧ, ಚೈನ್ ಹರಿತ, ಎಂಜಿನ್ ಬಿಸಿ ಇರಬೇಕು. ಎಲ್ (ಕಡಿಮೆ ವೇಗದ ಪೆಟ್ರೋಲು) ಮತ್ತು ಎಚ್ (ಪೂರ್ತಿ ವೇಗದ ಪೆಟ್ರೋಲು) ಎರಡನ್ನೂ ಮೃದುವಾಗಿ ಮುಚ್ಚಿ ಒಂದೊಂದು ಸುತ್ತು ತೆರೆದರೆ ಬಹುತೇಕ ಮಿಷನ್‌ಗಳಲ್ಲಿ ಚಾಲೂ ಆಗುತ್ತದೆ. ಎಲ್ಎ ಸ್ಕ್ರೂನಿಂದ ಐಡಲ್ (ಎಕ್ಸಲರೇಟರ್ ಕೊಡದಾಗಿನ ವೇಗ) ನಿಮಿಷಕ್ಕೆ 2,500–2,800 ಸುತ್ತಿಗೆ ತನ್ನಿ. ಐಡಲ್‌ನಲ್ಲಿ ಚೈನ್ ಅಲುಗಲೇಬಾರದು. ಎಚ್ ಸ್ಕ್ರೂ ಹೊಂದಿಸುವಾಗ ಕಿವಿ ಬಳಸಿ: ಭಾರವಿಲ್ಲದೆ ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ದನಿ ಸ್ವಲ್ಪ ಒಡೆದು ಗುರುಗುಟ್ಟಬೇಕು, ಮರಕ್ಕೆ ಇಳಿಸಿದ ಕೂಡಲೇ ಸ್ವಚ್ಛವಾಗಬೇಕು. ಭಾರವಿಲ್ಲದಾಗ ಕೀರಲು ಸಿಳ್ಳೆಯಂತೆ ಏರಿದರೆ ಮಿಶ್ರಣ ತೆಳು. ಎಷ್ಟೇ ಚುರುಕು ಎನಿಸಿದರೂ ಎಚ್ ಅನ್ನು ಎಡಕ್ಕೆ ತೆರೆಯಿರಿ. ಕಂಪ್ಯೂಟರ್ ನಿಯಂತ್ರಣದ ಹೊಸ ಮಾದರಿಗಳಲ್ಲಿ ಈ ಸ್ಕ್ರೂಗಳೇ ಇರುವುದಿಲ್ಲ.

ತೊಂದರೆ ಬಂದಾಗ

ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಟ್ಯಾಂಕ್ ಮುಚ್ಚಳ ತೆರೆದರೆ ಉಸ್ಸೆಂದು ಗಾಳಿ ಎಳೆದು ಮತ್ತೆ ಸ್ಟಾರ್ಟ್ ಆಗುತ್ತದೆ: ಟ್ಯಾಂಕಿನ ಉಸಿರುಗಿಂಡಿ ಕಟ್ಟಿದೆ. ಐಡಲ್ ತಾನಾಗಿ ಏರುತ್ತದೆ, ಮಿಷನ್ ಮಗುಚಿದರೆ ದನಿ ಬದಲಾಗುತ್ತದೆ: ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರಿದು ಕಳ್ಳಗಾಳಿ ಹೋಗುತ್ತಿದೆ. ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗಬೇಡಿ, ಪಿಸ್ಟನ್ ಹಿಡಿದುಕೊಳ್ಳುವ ಮುನ್ಸೂಚನೆ ಅದು. ಆಫ್ ಮಾಡಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಎಕ್ಸಲರೇಟರ್ ಕೊಟ್ಟಾಗ ಕೆಮ್ಮಿ ನಿಂತರೆ ಎಲ್ ಅನ್ನು ಎಂಟನೇ ಒಂದು ಸುತ್ತು ತೆರೆದು ನೋಡಿ, ಆಗದಿದ್ದರೆ ಡಯಾಫ್ರಮ್ ಬದಲಿಸಿ. ಹಗ್ಗ ಎಳೆದು ಎಳೆದು ಪ್ಲಗ್ ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು ಆರೇಳು ಸಲ ಎಳೆದು ಪೆಟ್ರೋಲು ಹೊರಹಾಕಿ.

ಬೆಳಿಗ್ಗೆ ಮೊದಲ ಮರಕ್ಕೆ ಮುಂಚೆ ಬ್ರೇಕ್ ಪರೀಕ್ಷೆ ತಪ್ಪಿಸಬೇಡಿ: ಒಂದು ಕ್ಷಣ ಪೂರ್ತಿ ಎಕ್ಸಲರೇಟರ್ ಕೊಟ್ಟು ಎಡಗೈಯಿಂದ ಮುಂದಿನ ಗಾರ್ಡ್ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ಸ್ಟಾರ್ಟ್ ಮಾಡುವುದು ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬೂಟಿನ ಮೂತಿ ಇಟ್ಟು. ಕೈಯಲ್ಲಿ ತೂಗಾಡಿಸುತ್ತ ಅಲ್ಲ. ಕಿವಿಗೆ ಮಫ್, ಕಣ್ಣಿಗೆ ಜಾಲರಿ, ಕಾಲಿಗೆ ಚೈನ್ ತಡೆಯುವ ಚ್ಯಾಪ್ಸ್ ಬೇಕೇ ಬೇಕು. ಪಂಚೆ ಉಟ್ಟು 70 ಸಿಸಿ ಹಿಡಿಯುವವರನ್ನು ಇನ್ನೂ ಕಾಣುತ್ತೇವೆ. ಮರ ಯಾವುದೆಂದೂ ನೋಡಿ; ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಖಾಸಗಿ ಜಾಗದ ಮರಕ್ಕೂ ಅನುಮತಿ ಬೇಕಾಗಬಹುದು. ವಿನಾಯಿತಿ ಪಡೆದ ಜಾತಿಗಳ ಪಟ್ಟಿ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ.

ಮಳೆಗಾಲಕ್ಕೆ ಎತ್ತಿಡುವಾಗ

ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ. ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲೇ ಡಯಾಫ್ರಮ್‌ಗೆ ಶತ್ರು. ಪ್ಲಗ್ ತೆಗೆದು ಸಿಲಿಂಡರ್‌ಗೆ ಒಂದು ಟೀ ಚಮಚ ಟೂ-ಟಿ ಎಣ್ಣೆ ಹಾಕಿ, ಸ್ವಿಚ್ ಆಫ್ ಇಟ್ಟು ಹಗ್ಗವನ್ನು ನಿಧಾನಕ್ಕೆ ನಾಲ್ಕೈದು ಸಲ ಎಳೆಯಿರಿ. ಬಾರ್, ಚೈನ್ ಬಿಚ್ಚಿ ಎಣ್ಣೆ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮಿಷನ್ನನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೇ ಬೆವರುತ್ತದೆ. ನೆಲ ಬಿಟ್ಟು, ಗೊಬ್ಬರದ ಮೂಟೆಗಳಿಂದ ದೂರ, ಗಾಳಿಯಾಡುವ ಅಟ್ಟದ ಮೇಲಿಡಿ. ಮಳೆ ನಡುವೆ ದಾರಿಗೆ ಮರ ಬಿದ್ದು ತುರ್ತಾಗಿ ಬೇಕಾದರೆ ಹೊಸ ಪೆಟ್ರೋಲು ಬೆರೆಸಿ ತುಂಬಿ. ಸಿಲಿಂಡರ್‌ನ ಎಣ್ಣೆ ಉರಿದು ಮೊದಲ ಎರಡು ನಿಮಿಷ ಹೊಗೆ ಬರುತ್ತದೆ, ಅದಕ್ಕೆ ಗಾಬರಿ ಬೇಡ.